ನನ್ನ ಸುಣ್ಣದ ಮೇಲೆ ಆಕೆಯ ರಾಗಿ ಹುಲ್ಲು

ಪೀಣ್ಯದ ಆ ಮೂರನೇ ಮಹಡಿಯ ಬಾಗಿಲು ತೆರೆದಾಗ ನನಗೆ ಮೊದಲು ಕಂಡದ್ದು ಕೆಂಡ. ಹಳೆಯ ಬಾಣಲಿಯ ತುಂಬ ಇದ್ದಿಲು ನಿಗಿನಿಗಿ ಅನ್ನುತ್ತಿತ್ತು. ಅದರ ಪಕ್ಕ ಮಣೆ ಹಾಕಿಕೊಂಡು ಕೂತಿದ್ದ ನನ್ನ ಬೀಗತಿ ಸಾಕಮ್ಮನ ತೊಡೆಯ ಮೇಲೆ ಒಂಬತ್ತು ದಿನದ ನನ್ನ ಮೊಮ್ಮಗಳು. ತಲೆಗೆ ಉಲ್ಲನ್ ಟೋಪಿ, ಮೈಗೆ ಸ್ವೆಟರು, ಕಾಲಿಗೆ ಕಾಲುಚೀಲ, ಅದರ ಮೇಲೊಂದು ದಪ್ಪ ಟವೆಲ್ಲು. ಮೂಗಿನ ತುದಿಯೊಂದೇ ಹೊರಗಿತ್ತು. ಮೂಲೆಯಲ್ಲಿ ನನ್ನ ಮಗಳು ರೇಣುಕಾ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಬಿಗಿದುಕೊಂಡು, ಬೆವರಿನಲ್ಲಿ ತೊಯ್ದು ಕೂತಿದ್ದಳು. ಇತ್ತ ಮೆಟ್ಟಿಲ ಮೇಲೆ ನಿಂತ ಮನೆಯ ಮಾಲೀಕಳು ಜಯಮ್ಮ, "ಈ ವರ್ಷ ಏನ್ ಬಿಸ್ಲು ಕಣ್ರೀ, ಸತ್ತೇ ಹೋಗ್ತೀವಿ" ಅಂತ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಹೊರಗೆ ಬಿಸಿಲೆಂದು ಅಳುತ್ತಾರೆ, ಒಳಗೆ ಬೆಂಕಿ ಕಾಯಿಸುತ್ತಾರೆ. ಇದೆಂಥ ಊರಪ್ಪ ಎಂದುಕೊಂಡು ಗಂಟು ಇಳಿಸಿದೆ.

ನಾನು ಭೀಮಾ ನದಿಯ ದಂಡೆಯವಳು, ಕಲಬುರಗಿ ಜಿಲ್ಲೆ. ನಮ್ಮ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹನ್ನೊಂದು ಗಂಟೆಗೆ ನಮ್ಮ ಓಣಿಯಲ್ಲಿ ನಾಯಿ ಕೂಡ ಕಾಣುವುದಿಲ್ಲ. ಇಲ್ಲಿ ನಾನು ರೈಲಿಳಿದು ಬಂದದ್ದು ಸರಿಯಾಗಿ ನಡು ಮಧ್ಯಾಹ್ನ. ರಸ್ತೆ ತುಂಬ ಜನ, ಬಸ್ಸು, ಬೈಕು, ತಲೆಯ ಮೇಲೆ ಟವೆಲ್ಲಿಲ್ಲದೆ ನಡೆದು ಹೋಗುವ ಹುಡುಗಿಯರು. ಆಟೋದವನು "ಅಜ್ಜಿ, ಸಕ್ಕತ್ ಬಿಸ್ಲು, ಹುಷಾರು" ಅಂದ. ನಾನು ಹೊರಗೆ ತಲೆ ಹಾಕಿ ಮೇಲೆ ನೋಡಿದೆ. "ಎಲ್ಲಿ ಅದನೋ ಯಪ್ಪಾ ಬಿಸಿಲು?" ಅಂದೆ. ಅವನು ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತ ಗಾಡಿ ಹೊಡೆದ.

ನಾಲ್ಕನೇ ಇಯತ್ತೆ ತನಕ ಓದಿದವಳು ನಾನು. ಪತ್ರಿಕೆಗೆ ಬರೆದು ರೂಢಿಯಿಲ್ಲ. ಆದರೂ ಮೊಮ್ಮಗಳು ಹುಟ್ಟಿದ ಖುಷಿ ಎದೆಯಲ್ಲಿ ಹಿಡಿಸಲಾರದೆ ಬರೆಯುತ್ತಿದ್ದೇನೆ. ಮೂರು ತಲೆಮಾರಿಗೆ ನಮ್ಮ ಮನೆಯಲ್ಲಿ ಹೆಣ್ಣು ಹುಟ್ಟಿದ್ದೇ ಕಡಿಮೆ. ಇವಳ ಹಣೆ ನನ್ನ ತಾಯಿಯದು, ಕಿವಿ ನನ್ನದು. ಮೂಗು ಮಾತ್ರ ಸಾಕಮ್ಮನದು ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ. ಮೂಗು ಬೆಳೆಯುತ್ತ ಬದಲಾಗುತ್ತದೆ.

ಖುಷಿಯ ಜೊತೆಗೆ ಹೊಟ್ಟೆಕಿಚ್ಚನ್ನೂ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ ಮಗಳನ್ನು ಕರೆದೊಯ್ಯಲು ನಾನು ತಯಾರಾಗಿದ್ದೆ. ಬಾಣಂತಿಗೆಂದು ಅಳವಿ, ಕೊಬ್ಬರಿ, ಉತ್ತತ್ತಿ ತಂದಿಟ್ಟಿದ್ದೆ. ಅಳಿಯ ಚಂದ್ರು ಫೋನಿನಲ್ಲಿ ಬಹಳ ವಿನಯದಿಂದ, "ಅತ್ತೆ, ಬೇಜಾರ್ ಮಾಡ್ಕೋಬೇಡಿ. ನಿಮ್ಮೂರ್ ಬಿಸ್ಲು ಮಗು ತಡ್ಕೊಳಲ್ಲ. ನೀವೇ ಇಲ್ಲಿಗ್ ಬಂದ್ಬಿಡಿ" ಅಂದ. ನನ್ನ ಇಬ್ಬರು ಮಕ್ಕಳು, ನಾನು, ನನ್ನ ತಾಯಿ, ಅವಳ ತಾಯಿ ಎಲ್ಲ ಅದೇ ಬಿಸಿಲಲ್ಲಿ ಹುಟ್ಟಿ ಬೆಳೆದವರು. ಆದರೂ ಅಳಿಯನ ಮಾತು, ಒಪ್ಪಿಕೊಂಡೆ. ಕೂಸು ಡಾಕ್ಟರು ಹೇಳಿದ ದಿನಕ್ಕಿಂತ ಹದಿನೈದು ದಿನ ಮೊದಲೇ ಬಂದುಬಿಟ್ಟಿತು. ನಾನು ಜೋಳದ ರಾಶಿ ಮುಗಿಸಿ, ಟಿಕೆಟ್ಟು ಸಿಕ್ಕು, ಇಲ್ಲಿ ಮುಟ್ಟುವಷ್ಟರಲ್ಲಿ ಒಂಬತ್ತು ದಿನ. ಆ ಒಂಬತ್ತು ದಿನ ಕೂಸನ್ನು ಎರೆದದ್ದು ಸಾಕಮ್ಮ. ಮೊದಲ ನೀರು ಆಕೆಯ ಕೈಯದು. ಇದೊಂದು ನನಗೆ ಈ ಜನ್ಮದಲ್ಲಿ ತಿರುಗಿ ಸಿಗುವುದಿಲ್ಲ.

ಸಾಕಮ್ಮ ಚಂದ್ರುವಿನ ತಾಯಿ. ಆನೇಕಲ್ ಕಡೆಯ ಹಳ್ಳಿ. ಒಂದು ಸೀಮೆ ಹಸು, ಒಂದಿಷ್ಟು ರಾಗಿ ಹೊಲ, ಬೇಲಿಯ ಪಕ್ಕ ಸೇವಂತಿಗೆ. ನನ್ನಂತೆಯೇ ಗಂಡನಿಲ್ಲದವಳು, ನನ್ನಷ್ಟೇ ವಯಸ್ಸು. ಎದುರಿಗೆ ನಾನು "ಬೀಗ್ರ, ಬರ್ರಿ, ಕೂಡ್ರಿ" ಅನ್ನುತ್ತೇನೆ. ಮನಸ್ಸಿನೊಳಗೆ ಬೇರೆ ಇರುತ್ತದೆ. ಆಕೆಗೂ ಹಾಗೇ ಅಂತ ಆಮೇಲೆ ತಿಳಿಯಿತು.

ಮನೆಯ ವಿಷಯ ಹೇಳುತ್ತೇನೆ. ಇಲ್ಲಿ ಇದಕ್ಕೆ ಶೀಟ್ ಮನೆ ಅನ್ನುತ್ತಾರೆ. ಮೂರನೇ ಮಹಡಿಯ ಬಯಲಿನಲ್ಲಿ ಸಾಲಾಗಿ ನಾಲ್ಕು ಖೋಲಿ ಕಟ್ಟಿ, ಮೇಲೆ ಸಿಮೆಂಟಿನ ಶೀಟು ಹೊದಿಸಿರುತ್ತಾರೆ. ಒಂದು ಖೋಲಿ, ಅದರ ಮಗ್ಗುಲಿಗೆ ಅಡಿಗೆಗೊಂದು ಸಂದು. ನಮ್ಮ ಫರಸಿ ಕಲ್ಲಿನ ಮನೆ ಹೊತ್ತು ಏರಿದಂತೆ ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ಈ ಶೀಟು ಬೆಳಗ್ಗೆ ಒಂಬತ್ತಕ್ಕೇ ರೊಟ್ಟಿ ಹೆಂಚು. ಕೆಳಗಿನ ಓಣಿಯಲ್ಲೆಲ್ಲ ಸಣ್ಣ ಸಣ್ಣ ಕಾರ್ಖಾನೆ. ನಮ್ಮ ಎದುರಿಗೇ ತಗಡು ಒತ್ತುವ ಪ್ರೆಸ್ಸು, ಪಕ್ಕಕ್ಕೆ ವೆಲ್ಡಿಂಗ್ ಅಂಗಡಿ. ದಿನವೆಲ್ಲ ಧಡ್, ಧಡ್. ನನ್ನ ಮೊಮ್ಮಗಳು ಆ ಸದ್ದಿಗೇ ನಿದ್ದೆ ಮಾಡುತ್ತಾಳೆ. ಭಾನುವಾರ ಪ್ರೆಸ್ಸು ನಿಂತರೆ ಎದ್ದು ಅಳುತ್ತಾಳೆ. ಹೀಗೂ ಒಂದು ಕೂಸು!

ಮೊದಲ ದಿನವೇ ನಾನು ಕೆಂಡದ ಬಾಣಲಿ ಎತ್ತಿ ಹೊರಗಿಟ್ಟೆ.

"ಅಯ್ಯೋ, ಏನ್ ಮಾಡ್ತಿದ್ದೀರ ಬೀಗ್ರೆ? ಬಾಣಂತಿಗೆ ಸೀತ ಆಯ್ತದೆ" ಅಂದಳು ಸಾಕಮ್ಮ.

"ಬೀಗ್ರ, ಆಕಿ ಬಾಣಂತಿ ಅದಾಳ, ಬದನಿಕಾಯಿ ಅಲ್ಲ, ಸುಡಲಿಕ್ಕ."

ರೇಣುಕಾ ಬಟ್ಟೆಯೊಳಗಿಂದಲೇ ನಕ್ಕಳು. ಸಾಕಮ್ಮ ನಗಲಿಲ್ಲ. "ನಮ್ ಕಡೆ ಇಂಗೇ ಮಾಡೋದು. ಅಂಗೆಲ್ಲ ಗಾಳಿಗ್ ಬುಟ್ರೆ ಮಗೀಗೆ ನೆಗಡಿ ಕಣ್ರೀ" ಅಂದು ಕೂಸಿನ ಟೋಪಿಯನ್ನು ಇನ್ನೂ ಕೆಳಗೆ ಎಳೆದಳು.

ಆಕೆಯ ಊರು ತಂಪಿನ ಊರು. ಬಾಣಂತಿಯನ್ನು ಬೆಚ್ಚಗಿಡುವುದೊಂದೇ ಆಕೆ ಕಲಿತ ವಿದ್ಯೆ. ನಾನು ಕಲಿತದ್ದು ತಂಪಾಗಿಡುವುದು. ಒಂದೇ ಖೋಲಿಯಲ್ಲಿ ಎರಡು ದೇಶಗಳ ಬಾಣಂತನ ನಡೆಯಿತು. ನಾನು ಸ್ವೆಟರು ಬಿಚ್ಚಿದರೆ ಆಕೆ ಹಾಕುವಳು. ನಾನು ಹಳೆಯ ಹತ್ತಿ ಸೀರೆ ಒದ್ದೆ ಮಾಡಿ ಕಿಟಕಿಗೆ ಪರದೆ ಕಟ್ಟಿದರೆ ಅರ್ಧ ಗಂಟೆಯಲ್ಲಿ ಅದು ಕೆಳಗೆ ಬಿದ್ದಿರುತ್ತಿತ್ತು. "ಗಾಳೀಗ್ ಬಿತ್ತೇನೋ" ಅನ್ನುವಳು. ಗಾಳಿ ಎಲ್ಲಿತ್ತು ಆ ಖೋಲಿಯಲ್ಲಿ! ನಾನು ಮಗಳಿಗೆ ಜೋಳದ ಅಂಬಲಿ ಮಾಡಿದರೆ ಆಕೆ ಉಪ್ಸಾರು ಇಡುವಳು. ಉಪ್ಸಾರು ಅಂದರೆ ಕಾಳು ಸೊಪ್ಪು ಬೇಯಿಸಿದ ನೀರು, ಪಕ್ಕಕ್ಕೆ ಅರೆದ ಖಾರ. ಮೊದಲ ದಿನ ನೋಡಿ ಬಸಿದು ಚೆಲ್ಲುವ ನೀರೆಂದುಕೊಂಡೆ. ಈಗ ನನಗದು ರುಚಿ ಹತ್ತಿದೆ, ಆದರೆ ಆಕೆಯ ಎದುರಿಗೆ ಎರಡನೇ ಸಲ ಹಾಕಿಸಿಕೊಳ್ಳುವುದಿಲ್ಲ.

ಒಂದು ವಾರಕ್ಕೆ ಕೂಸಿನ ಕುತ್ತಿಗೆಯ ಮೇಲೆ, ಬೆನ್ನ ಮೇಲೆ ಕೆಂಪಗೆ ಬೆವರುಸಾಲೆ ಎದ್ದವು. ಇಬ್ಬರೂ ಕೂಸನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದೆವು. ಅಂದರೆ ಹೋಗುವಾಗ ಆಕೆ ಎತ್ತಿಕೊಂಡಿದ್ದಳು, ಬರುವಾಗ ನಾನು. ಅಲ್ಲಿಯ ಸಿಸ್ಟರು ಟೋಪಿ ತೆಗೆದು ಮೇಜಿನ ಮೇಲೆ ಒಗೆದಳು.

"ಯಾರಮ್ಮ ಇದನ್ನ ಹಾಕಿದ್ದು? ಇದೇನ್ ಊಟೀನಾ?"

ನಾನು ಸಾಕಮ್ಮನನ್ನು ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ, ಯಾರೆಂದು ನನ್ನ ಮುಖವೇ ತೋರಿಸುತ್ತಿತ್ತು.

"ತೆಳ್ಳಗಿರೋ ಹತ್ತಿ ಬಟ್ಟೆ ಹಾಕಿ. ಬೆಂಕಿ, ಹೊಗೆ ಏನೂ ಬೇಡ. ತಾಯಿ ಹಾಲು ಬಿಟ್ಟು ಬೇರೇನೂ ಕೊಡಬೇಡಿ, ನೀರೂ ಬೇಡ. ಹಾಗಂತ ಒದ್ದೆ ಬಟ್ಟೆ ಗಾಳಿ ನೇರವಾಗಿ ಮಗೂಗೆ ಹೊಡೀಬಾರದು. ಕೇಳಿಸ್ತಾ?"

ಕೇಳಿಸಿತು. ಮೊದಲರ್ಧ ನನಗೆ ಕೇಳಿಸಿತು, ಕೊನೆಯದು ಆಕೆಗೆ. ದಾರಿಯುದ್ದಕ್ಕೂ ನಾನು "ಟೋಪಿ ಬ್ಯಾಡ ಅಂದ್ರು" ಅಂದರೆ ಆಕೆ "ಒದ್ದೆ ಬಟ್ಟೆ ಬ್ಯಾಡ ಅಂದ್ರು" ಅನ್ನುವಳು.

ಆಕೆಯ ಮಾತೂ ಖರೇ ಆಯಿತು, ಅದನ್ನೂ ಬರೆಯುತ್ತೇನೆ. ಏಪ್ರಿಲ್‌ನ ಒಂದು ದಿನ ಭಯಂಕರ ಕಾವು. ನಮ್ಮ ಕಡೆ ಅಂಥ ಕಾವು ಎದ್ದರೆ ಅದು ಹೊತ್ತು ಮುಳುಗಿದರೂ ಹೋಗುವುದಿಲ್ಲ. ಹಾಗೆಂದುಕೊಂಡು ನಾನು ಕಿಟಕಿಗೆ ಒದ್ದೆ ಸೀರೆ ಕಟ್ಟಿ, ಕೂಸಿಗೆ ಒಂದು ತೆಳು ಅಂಗಿ ಹಾಕಿ ಮಲಗಿಸಿ, ಕೆಳಗೆ ಟ್ಯಾಂಕರಿನ ನೀರು ಹಿಡಿಯಲು ಹೋದೆ. ಸಾಲು ಉದ್ದ ಇತ್ತು. ನಾಲ್ಕು ಗಂಟೆಗೆ ಮೋಡ ಬಂತು, ಐದಕ್ಕೆ ಆಲಿಕಲ್ಲು. ಒಂದು ತಾಸಿನಲ್ಲಿ ಈ ಊರು ಇನ್ನೊಂದು ಊರಾಗುತ್ತದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಕೊಡ ಅಲ್ಲೇ ಬಿಟ್ಟು ಮೇಲೆ ಓಡಿ ಬಂದರೆ ತಣ್ಣನೆ ಗಾಳಿ ಒದ್ದೆ ಸೀರೆಯ ಮೂಲಕ ಸೀದಾ ತೊಟ್ಟಿಲಿಗೆ ಹೊಡೆಯುತ್ತಿತ್ತು. ಪಾಪ, ಬಾಣಂತಿ ದಣಿದು ನಿದ್ದೆ ಹೋಗಿದ್ದಳು. ಕೂಸಿಗೆ ಮೂರು ದಿನ ಮೂಗು ಕಟ್ಟಿತು. ಊರಿಗೆ ಹೋಗಿದ್ದ ಸಾಕಮ್ಮ ಬಂದಳು. ಬೈದಿದ್ದರೆ ಜಗಳ ಮಾಡಬಹುದಿತ್ತು. ಕೂಸನ್ನು ಎದೆಗೆ ಒರಗಿಸಿಕೊಂಡು ಬೆನ್ನು ತಟ್ಟುತ್ತ ಕೂತಳು. ಕೂಸು ಆಕೆಯ ಹೆಗಲ ಮೇಲೆ ನಿದ್ದೆ ಹೋಯಿತು. ಅದನ್ನು ನೋಡಿ ನನಗಾದ ಉರಿ ನಮ್ಮೂರ ಮೇ ತಿಂಗಳಲ್ಲೂ ಆಗಿರಲಿಲ್ಲ.

ಒಂದು ಭಾನುವಾರ, ಪ್ರೆಸ್ಸು ನಿಂತು ಕೂಸು ಎಚ್ಚರಾಗಿ ಚೀರಾಡುತ್ತಿದ್ದಾಗ, ಚಂದ್ರು ಎಲ್ಲರನ್ನೂ ಮೆಟ್ರೋಗೆ ಹತ್ತಿಸಿದ. ಎಲ್ಲಿಗೂ ಹೋಗಲಿಕ್ಕಲ್ಲ, ಒಳಗೆ ತಂಪು ಇರುತ್ತದೆ ಅಂತ. ಈ ಊರಲ್ಲಿ ನೋಟು ಕೊಡುವ ಯಂತ್ರಕ್ಕೂ ಗಾಜಿನ ಖೋಲಿ, ತಂಪು ಗಾಳಿ ಇದೆ. ನನ್ನ ಮೊಮ್ಮಗಳಿಗೆ ಮಾತ್ರ ಶೀಟು. ನಾವು ಹತ್ತಿದಲ್ಲಿಂದ ಅರ್ಧ ಊರು ದಾಟಿ, ಇಳಿದು, ಮತ್ತೆ ಹತ್ತಿ ಬಂದೆವು. ಪಕ್ಕ ಕೂತ ಹೆಣ್ಣುಮಗಳೊಬ್ಬಳು ಕೂಸಿನ ಗಲ್ಲ ಮುಟ್ಟಿ, "ಎಷ್ಟ್ ಚೆನ್ನಾಗಿದಾಳೆ! ಯಾರ್ ಮೊಮ್ಮಗ್ಳು?" ಅಂದಳು.

"ನಂದು" ಅಂದೆವು ಇಬ್ಬರೂ ಒಟ್ಟಿಗೆ.

ಎದುರು ನಿಂತಿದ್ದ ಚಂದ್ರು, "ಮೇಡಂ, ನಂಗೂ ಅವಳಿಗೂ ಏನೋ ಸಂಬಂಧ ಇದೆ, ಇವ್ರನ್ನ ಕೇಳಿ ಹೇಳ್ತೀನಿ" ಅಂದ. ಡಬ್ಬಿಯಲ್ಲಿ ಇದ್ದವರೆಲ್ಲ ನಕ್ಕರು. ನಾವಿಬ್ಬರೂ ನಕ್ಕೆವು. ಆದರೆ ಕೂಸಿನ ಒಂದು ಕಾಲು ಆಕೆಯ ಕೈಯಲ್ಲಿತ್ತು, ಇನ್ನೊಂದು ನನ್ನ ಕೈಯಲ್ಲಿ.

ನಗುವ ವಿಷಯವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ರೇಣುಕಾ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾಳೆ. ಜೂನಿನಲ್ಲಿ ಮಿರಗದ ಮಳೆಯ ಹೊತ್ತಿಗೆ ಅವಳ ರಜೆ ಮುಗಿಯುತ್ತದೆ. ಆಮೇಲೆ ಕೂಸನ್ನು ನೋಡಿಕೊಳ್ಳಲು ಒಬ್ಬರು ಬೇಕು. ಒಬ್ಬರೇ. ಆ ಖೋಲಿಯಲ್ಲಿ ತೊಟ್ಟಿಲು ಕಟ್ಟಿದ ಮೇಲೆ ಇಬ್ಬರು ಮುದುಕಿಯರು ಕಾಲು ಚಾಚಲು ಜಾಗ ಇಲ್ಲ. ಈಗ ಹೇಗೋ ಸಾಕಮ್ಮ ವಾರದಲ್ಲಿ ಮೂರು ದಿನ ಊರಿಗೆ ಹೋಗಿ ಹಸು ನೋಡಿಕೊಂಡು, ಮೊಸರು ಹೂವು ತೆಗೆದುಕೊಂಡು ಬರುತ್ತಿದ್ದಳು. ಮಿರಗದ ನಂತರ ಹಾಗೆ ನಡೆಯುವುದಿಲ್ಲ. ಚಂದ್ರು ಮೆಲ್ಲಗೆ ತಾಯಿಯ ಕಡೆ ವಾಲುತ್ತಿದ್ದ. ತಾಯಿಗೆ ಇಲ್ಲಿಯ ಆಸ್ಪತ್ರೆ ಗೊತ್ತು, ಬಸ್ಸು ಗೊತ್ತು, ಇಲ್ಲಿಯ ಮಾತು ಗೊತ್ತು. ಹಸು ಮಾರಿ ಬಂದರೆ ಆಯಿತು. ನಾನು ರೇಣುಕಾಳನ್ನು ಕೇಳಿದೆ, "ನೀ ಏನಂತೀ?" ಅವಳು, "ಯವ್ವಾ, ನನ್ನ ಕೇಳಬ್ಯಾಡ. ನಾ ಯಾರಿಗೆ ಹೂಂ ಅಂದರೂ ಇನ್ನೊಬ್ರು ಅಳ್ತೀರಿ" ಅಂದಳು.

ಸರಿ, ನನ್ನ ಕೈಯಲ್ಲಿ ಏನಿದೆ ಅದನ್ನು ಮಾಡುವುದೆಂದು ನಿಶ್ಚಯಿಸಿದೆ. ನನ್ನ ಕೈಯಲ್ಲಿದ್ದದ್ದು ಬಿಸಿಲಿನ ಜ್ಞಾನ. ಅಂಗಡಿಯಿಂದ ಸುಣ್ಣ ತಂದು, ಡ್ರಮ್ಮಿನಲ್ಲಿ ನೆನೆಸಿ, ಒಂದಿಷ್ಟು ಅಂಟು ಕಲಸಿದೆ. ಶೀಟಿನ ಮೇಲೆ ಕಾಲಿಟ್ಟರೆ ಮುರಿಯುತ್ತದೆ. ಅದಕ್ಕೇ ಪಕ್ಕದ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ನಿಂತು, ಉದ್ದ ಬಿದಿರಿಗೆ ಪೊರಕೆ ಕಟ್ಟಿ ಬಳಿದೆ. ಚಂದ್ರು ಕೆಲಸದಿಂದ ಬಂದು ಕೆಳಗಿನಿಂದಲೇ ಕೂಗಿದ. "ಅತ್ತೆ, ಇಳೀರಿ ಮೊದ್ಲು! ಬಿದ್ರೆ ನಮ್ ಕಥೆ ಮುಗೀತು."

"ಒಂದ್ ಮೂಲಿ ಉಳದದ ತಡಿಯಪ್ಪಾ."

ಮೂರು ಕೈ ಬಳಿದೆ. ಮರುದಿನ ಮಧ್ಯಾಹ್ನ ಖೋಲಿಯೊಳಗೆ ಕಾಲಿಟ್ಟವರಿಗೆಲ್ಲ ಫರಕು ತಿಳಿಯಿತು. ಜಯಮ್ಮ ಬಂದು, "ಏನ್ರೀ ಶರಣಮ್ಮ, ತಣ್ಣಗಿದೆಯಲ್ರೀ ಒಳಗೆ! ಮೊದ್ಲು ಇಲ್ಲೆಲ್ಲ ನಮ್ ಹೊಲ ಇದ್ದಾಗ ಮನೇಲಿ ಫ್ಯಾನೂ ಇರ್ಲಿಲ್ಲ" ಅಂತ ನನ್ನ ಕೈ ಹಿಡಿದಳು. ಮಗ್ಗುಲು ಖೋಲಿಯ ಬಿಹಾರದ ಹುಡುಗರು ತಮ್ಮ ಶೀಟಿಗೂ ಬಳಿಸಿಕೊಂಡರು. ನನಗೆ ಅವರ ಮಾತು ಬಾರದು, ಅವರಿಗೆ ನನ್ನದು ಬಾರದು, ಪೊರಕೆ ತೋರಿಸಿದರೆ ಸಾಕಿತ್ತು. ಬೆಂಗಳೂರಿನಲ್ಲಿ ನನಗೆ ಹೆಸರು ಬಂದದ್ದು ಅಂದು. ಚಂದ್ರು ಊಟಕ್ಕೆ ಕೂತಾಗ "ಸೂಪರ್ ಅತ್ತೆ" ಅಂದ. ಸಾಕಮ್ಮ ಊರಿಗೆ ಹೋಗಿದ್ದಳು. ಆಕೆ ಬಂದು ನೋಡಲಿ ಅಂತ ನಾನು ಎರಡು ದಿನ ಬಾಗಿಲಲ್ಲೇ ಕೂತಿದ್ದೆ.

ಬಂದಳು. ಬರಿಗೈಯಲ್ಲಿ ಬರಲಿಲ್ಲ. ತಮ್ಮೂರ ಹೂವಿನ ಗಾಡಿಯಲ್ಲಿ ಮಾರ್ಕೆಟ್ಟಿನ ತನಕ, ಅಲ್ಲಿಂದ ಲಗೇಜ್ ಆಟೋದಲ್ಲಿ ರಾಗಿ ಹುಲ್ಲಿನ ಹೊರೆಗಳನ್ನು ಹೇರಿಕೊಂಡು ಬಂದಿದ್ದಳು. ಬಿಹಾರದ ಹುಡುಗರಿಗೆ ಹೂವಿನ ಹಾರ ಕೊಟ್ಟಂತೆ ಒಂದೊಂದು ಹೊರೆ ಕೊಟ್ಟು ಮೇಲೆ ಸಾಗಿಸಿ, ನನ್ನ ಬೆಳ್ಳನೆ ಸುಣ್ಣದ ಮೇಲೆ ಉದ್ದಕ್ಕೂ ಹುಲ್ಲು ಹರಡಿಸಿ, ಹಗ್ಗ ಕಟ್ಟಿಸಿದಳು. ಒಂದು ಅಂಗೈ ಅಗಲ ಸುಣ್ಣ ಕಾಣಲಿಲ್ಲ.

ಒಳಗೆ ಇನ್ನೂ ತಂಪಾಯಿತು. ನಿಜ ಹೇಳಬೇಕಲ್ಲ, ಬಹಳ ತಂಪಾಯಿತು. ಜಯಮ್ಮ ಈ ಸಲ ಆಕೆಯ ಕೈ ಹಿಡಿದಳು. ಚಂದ್ರು "ಅಮ್ಮ, ಸೂಪರ್" ಅಂದ. ನನಗೆ ಅಂದ ಮಾತೇ ಅದು, ಹೊಸ ಮಾತು ಹುಡುಕುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಕೂಸು ಆ ಮಧ್ಯಾಹ್ನ ಮೂರು ತಾಸು ಮಲಗಿತು. ನಾನು ಮೂರು ತಾಸು ಕೂಸಿನ ಪಕ್ಕ ಕೂತು ಮೇಲೆ ನೋಡುತ್ತಿದ್ದೆ.

ಮರುದಿನ ನಾನು ಜಯಮ್ಮನ ಮನೆಗೆ ಮಜ್ಜಿಗೆ ಕೊಡುವ ನೆವದಿಂದ ಹೋದೆ. "ಪಕ್ಕದಾಗ ವೆಲ್ಡಿಂಗ್ ಅಂಗಡಿ ಅದ. ಕಿಡಿ ಹಾರ್ತಾವ. ಮ್ಯಾಲ ನೋಡಿದ್ರ ಒಣ ಹುಲ್ಲು. ನಂಗ್ಯಾಕೋ ಜೀವ ಹೊಡಕೊಳ್ತದ್ರಿ" ಅಂದೆ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಿಡಿ ಹಾರುತ್ತಿದ್ದವು, ಹುಲ್ಲು ಒಣಗಿತ್ತು, ಹತ್ತಿದ್ದರೆ ನಾಲ್ಕು ಖೋಲಿಯೂ ಹೋಗುತ್ತಿದ್ದವು. ಆದರೆ ಆ ನಿಜವನ್ನು ಮಜ್ಜಿಗೆ ತಂಬಿಗೆಯ ಜೊತೆ ಕೆಳಗೆ ಇಳಿಸಿದ್ದು ಬೆಂಕಿಯ ಭಯವಲ್ಲ. ಕೂಸಿನ ಮೂರು ತಾಸಿನ ನಿದ್ದೆ.

ಜಯಮ್ಮ ಗಾಬರಿಯಾಗಿ ಆಗಿಂದಾಗಲೇ ಮೇಲೆ ಬಂದಳು. "ಸಾಕಮ್ಮ, ತಪ್ಪ್ ತಿಳ್ಕೋಬೇಡಿ. ಹುಲ್ಲು ಇವತ್ತೇ ತೆಗೀಬೇಕು. ಹೆಚ್ಚುಕಡಿಮೆ ಆದ್ರೆ ಯಾರ್ ಜವಾಬ್ದಾರಿ?"

ಸಾಕಮ್ಮ ವಾದ ಮಾಡಲಿಲ್ಲ. ಒಮ್ಮೆ ವೆಲ್ಡಿಂಗ್ ಅಂಗಡಿಯ ಕಡೆ ನೋಡಿದಳು. "ಹೌದಲ್ವಾ, ನಂಗ್ ಒಳೀಲೇ ಇಲ್ಲ" ಅಂದಳು. ಹುಡುಗರೆಲ್ಲ ಕೆಲಸಕ್ಕೆ ಹೋಗಿದ್ದರು. ಹನ್ನೆರಡು ಗಂಟೆಯ ಬಿಸಿಲು. ಆಕೆ ಒಬ್ಬಳೇ ಟ್ಯಾಂಕಿನ ಕಟ್ಟೆ ಹತ್ತಿ ಕೋಲಿನಿಂದ ಹುಲ್ಲು ಎಳೆಯತೊಡಗಿದಳು. ನಾನು ಒಳಗೆ ಕೂಸಿನ ತೊಟ್ಟಿಲು ತೂಗುತ್ತ ಕೂತೆ. ಗೆದ್ದಿದ್ದೆ. ಎಷ್ಟು ಹೊತ್ತು ತೂಗಿದೆನೋ, ಕೂಸು ಆಗಲೇ ಮಲಗಿತ್ತು, ನಾನು ತೂಗುತ್ತಲೇ ಇದ್ದೆ. ಮೇಲಿನಿಂದ ಹುಲ್ಲು ಸರಿದಂತೆ ಶೀಟು ಕಾಯ್ದು ಟಿಕ್ ಟಿಕ್ ಅನ್ನುವುದು ಕೇಳಿಸಿತು. ರೇಣುಕಾ, "ಯವ್ವಾ, ಅತ್ತಿ ಒಬ್ರೇ ಅದಾರ ಮ್ಯಾಲ" ಅಂದಳು. ಎದ್ದೆ.

ಇಬ್ಬರೂ ಸೇರಿ ಹುಲ್ಲನ್ನು ಮತ್ತೆ ಹೊರೆ ಕಟ್ಟಿ ಮೂರು ಮಹಡಿ ಕೆಳಗೆ ಸಾಗಿಸಿದೆವು. ಓಣಿಯ ಜನ ನಿಂತು ನೋಡಿದರು. ಪೀಣ್ಯದ ನಡುವೆ ಎಂದೂ ಇಂಥ ಸುಗ್ಗಿ ಆಗಿರಲಿಕ್ಕಿಲ್ಲ. ಐದನೇ ಸಲ ಇಳಿಯುವಾಗ ಆಕೆಗೆ ಏದುಸಿರು ಬಂತು. ಮೆಟ್ಟಿಲ ಮೇಲೆ ಕೂತೆವು. ನಾನು ತಡೆಯಲಾರದೆ ಕೇಳಿದೆ.

"ಬೀಗ್ರ, ಇಷ್ಟ್ ಹುಲ್ಲು ತಂದೀರಿ. ಆಕಳ ಏನ್ ತಿಂತದ? ಮಾರಿದ್ರೇನು?"

"ಯಾಕ್ ಮಾರ್ಲಿ? ಅದ್ರ ಪಾಲಿಂದೇ ಕಿತ್ಕೊಂಡ್ ಬಂದೆ. ಮಳೆ ಬಂದ್ರೆ ಹಸಿ ಮೇವು ಆಯ್ತದೆ ಬುಡಿ."

"ಮತ್ತ ಮಿರಗದ ನಂತರ... ನೀವು ಇಲ್ಲಿ..."

"ನಾನೆಲ್ಲಿ ಇಲ್ಲಿ? ಓದ್ ವಾರಾನೇ ಚಂದ್ರಂಗೆ ಏಳ್ಬುಟ್ಟೆ, ನಿಮ್ಮತ್ತೇನೇ ಇರ್ಲಿ ಅಂತ." ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಆ ಎಣ್ಮಗ್ಳು ದಿನಾ ಎಲ್ಲ ಮಿಸನ್ ತುಳ್ದು ಬರ್ತಾಳೆ. ಅತ್ತೆ ಮುಂದೆ ಕಾಲ್ ಚಾಚಕ್ಕಾಯ್ತದಾ? ಅಮ್ಮ ಆದ್ರೆ ಬಂದವ್ಳೇ ಬಿದ್ಕೋತಾಳೆ, ನೀವು ಬೈಕೊಂಡು ಊಟಕ್ ಇಕ್ತೀರ. ನಾನಿರಲ್ವಲ್ಲ, ಮಗು ಆದ್ರೂ ತಣ್ಗಿರ್ಲಿ ಅಂತ ಉಲ್ಲು ತಂದೆ."

ನಾನು ಸೆರಗಿಗೆ ಹತ್ತಿದ ಹುಲ್ಲು ಕೊಡವಿದೆ. ದೂಳಿಗೆ ಕೆಮ್ಮಿದೆ. ಆಮೇಲೆ ಹೇಳಿಯೇಬಿಟ್ಟೆ. "ಬೀಗ್ರ, ಜಯಮ್ಮಗ ಹೇಳ್ದಾಕಿ ನಾನೇ."

"ಗೊತ್ತು ಬುಡಿ. ಓನರಮ್ಮ ಆಗ್ಲೇ ಅಂದ್ರು, ಮಜ್ಜಿಗೆ ಚೆನ್ನಾಗಿತ್ತು ಅಂತಾನೂ ಅಂದ್ರು." ಆಕೆ ನನ್ನ ತಲೆಯ ಮೇಲಿನ ಒಂದು ಹುಲ್ಲುಕಡ್ಡಿ ತೆಗೆದಳು. "ನಿಮ್ ಒದ್ದೆ ಸೀರೆ ಗಾಳೀಗ್ ಬೀಳ್ತಿತ್ತು ಅಂದ್ಕೊಂಡಿದ್ರಾ?"

ಇಬ್ಬರೂ ನಕ್ಕೆವು, ಪ್ರೆಸ್ಸಿನ ಹುಡುಗ ಕೆಲಸ ನಿಲ್ಲಿಸಿ ಹೊರಗೆ ಇಣುಕುವಷ್ಟು ನಕ್ಕೆವು. ಹುಲ್ಲಿನ ಹೊರೆಗಳು ಸಾಯಂಕಾಲ ಅದೇ ದಾರಿಯಲ್ಲಿ ಆನೇಕಲ್ಲಿಗೆ ತಿರುಗಿ ಹೋದವು.

ಇದನ್ನು ಓದಿ ನೀವು, ಶರಣಮ್ಮನ ಹೊಟ್ಟೆಕಿಚ್ಚು ಆರಿತು ಅಂದುಕೊಳ್ಳಬೇಡಿ. ಹೆಚ್ಚಾಯಿತು. ಮೊದಲ ನೀರು ಆಕೆಯದು, ಮೂಗು ಆಕೆಯದು, ಈಗ ದೊಡ್ಡ ಮನಸ್ಸೂ ಆಕೆಯದೇ ಆಯಿತು. ಕೂಸನ್ನು ನಾನು ಗೆದ್ದೆ ಅನ್ನುವುದಕ್ಕೂ ಇಲ್ಲ, ಆಕೆ ಬಿಟ್ಟುಕೊಟ್ಟಳು. ಸೋಲುವುದರಲ್ಲಾದರೂ ಆಕೆ ನನಗಿಂತ ಒಂದು ಕೈ ಕಡಿಮೆ ಇರಬಾರದಿತ್ತೇ? ರೇಣುಕಾಳ ಕಾಲಿನ ವಿಚಾರ ಹೆತ್ತ ತಾಯಿ ನನಗೆ ಹೊಳೆಯಲಿಲ್ಲ. ನಾನು ಬೇಡಿದ್ದು ಕೂಸನ್ನು. ನನ್ನ ಮಗಳನ್ನು ನೋಡಿದವಳು ಆಕೆ.

ಮಿರಗ ಬಂತು. ರೇಣುಕಾ ಕೆಲಸಕ್ಕೆ ಹೊರಟಳು. ಸಂಜೆ ಬಂದವಳೇ ಗೋಡೆಗೆ ಒರಗಿ ಎರಡೂ ಕಾಲು ಉದ್ದಕ್ಕೆ ಚಾಚುತ್ತಾಳೆ. ನಾನು ಬೈಯುತ್ತ ರೊಟ್ಟಿ ಹಾಕುತ್ತೇನೆ. ದಿನವೆಲ್ಲ ಕೂಸು ನನ್ನದೇ. ಎರೆಯುವವಳು ನಾನು, ತೂಗುವವಳು ನಾನು. ಈಗ ನಗುತ್ತಾಳೆ, ಹಲ್ಲಿಲ್ಲದ ಬಾಯಿ ಕಿವಿಯ ತನಕ ತೆರೆದು ನಗುತ್ತಾಳೆ, ನನಗೆ ಆಗ ಮಾಡುತ್ತಿದ್ದ ಕೆಲಸ ಮರೆತುಹೋಗುತ್ತದೆ. ಈ ಓಣಿಯ ತರಕಾರಿಯವನು ನನಗೆ ಗೊತ್ತು, ಟ್ಯಾಂಕರ್ ಬರುವ ಹೊತ್ತು ಗೊತ್ತು. "ಸುಣ್ಣದ ಅಜ್ಜಿ" ಅಂದರೆ ಮೂರು ಬೀದಿಯವರು ಮನೆ ತೋರಿಸುತ್ತಾರೆ.

ಮೊನ್ನೆ ಊರಿನಿಂದ ವಿಡಿಯೋ ಫೋನು ಬಂತು. 

ಊರಲ್ಲಿ ನನ್ನ ಮಗನ ಮನೆ, ಅವನಿಗೊಬ್ಬ ಮಗ, ನಾಲ್ಕು ವರ್ಷದ ಮಲ್ಲು. ನಾನು ಇಲ್ಲಿಗೆ ಬರುವ ತನಕ ನನ್ನ ಮಗ್ಗುಲಲ್ಲೇ ಮಲಗುತ್ತಿದ್ದವನು. ನಾನು ಇಲ್ಲಿ ಉಳಿದ ಮೇಲೆ ಮನೆ ಸಂಭಾಳಿಸಲು ಸೊಸೆ ತನ್ನ ತಾಯಿಯನ್ನು ಕರೆಸಿಕೊಂಡಿದ್ದಾಳೆ. ಫೋನಿನಲ್ಲಿ ನೋಡಿದೆ. ಆ ನನ್ನ ಇನ್ನೊಬ್ಬ ಬೀಗತಿ ನನ್ನ ಹೊರಸಿನ ಮೇಲೆ ಕೂತು ಮಲ್ಲುವಿಗೆ ತುತ್ತು ಕೊಡುತ್ತಿದ್ದಳು. ಅವನು ಆಕೆಯ ತೊಡೆಗೆ ಆನಿಕೊಂಡು, ಬಾಯಿ ತುಂಬ ಅನ್ನ ಇಟ್ಟುಕೊಂಡು ನನಗೆ ಕೈ ಬೀಸಿದ.

"ಮಲ್ಲೂ, ನಾ ಬರ್ಲೇನೋ ಊರಿಗಿ?"

"ಬ್ಯಾಡ ಆಯಿ. ಇಲ್ಲಿ ಇನ್ನೂ ಭಾಳ ಬಿಸಿಲದ. ನೀ ಅಲ್ಲೇ ಇರು."

ಅವನ ಹಿಂದಿನಿಂದ ಆ ಹೆಂಗಸು, "ಇರ್ರಿ ಬೀಗ್ರ, ಅವಸರ ಇಲ್ಲ. ಹುಡುಗ ನನಗ ಹೊಂದ್ಯಾನ" ಅಂದಳು. ಬಹಳ ಒಳ್ಳೆಯ ಮನಸ್ಸಿನಿಂದಲೇ ಅಂದಳು. ಅದೇ ನನಗೆ ಸಹಿಸಲಾಗಲಿಲ್ಲ.

ಫೋನಿಟ್ಟೆ. ತೊಡೆಯ ಮೇಲೆ ಒಂದು ಕೂಸು ನನ್ನ ಬಳೆ ಹಿಡಿದುಕೊಂಡು ಆಡುತ್ತಿತ್ತು. ಇನ್ನೊಂದು ಅಲ್ಲಿ ಬೇರೆಯವರ ಕೈಯಲ್ಲಿ ಉಣ್ಣುತ್ತಿತ್ತು. ಇಲ್ಲಿ ನಾನು ಗಟ್ಟಿಯಾಗಿ ಹಿಡಿದು ಕೂತ ಜಾಗವಿದೆಯಲ್ಲ, ಅಲ್ಲಿ ನನ್ನದು ಅದೇ ಜಾಗ ಖಾಲಿಯಾಗಿ ಬೇರೆಯವರು ಕೂತಾಗಿದೆ. ಸಾಕಮ್ಮನಿಗೆ ದಿನವೂ ಹೀಗೇ ಆಗುತ್ತಿರಬೇಕು. ಆಕೆಗೆ ಫೋನು ಹಚ್ಚಿದೆ.

"ಬೀಗ್ರ, ಈ ಶನಿವಾರ ಬಂದು ನಾಲ್ಕ್ ದಿನ ಇರ್ತೀರೇನ್ರಿ? ನಾ ಊರಿಗಿ ಹೋಗಿ ಬರ್ತೀನಿ."

"ಬತ್ತೀನಿ ಬುಡಿ! ಈಗ್ಲೇ ಬರ್ಲಾ?" ಆಕೆಯ ದನಿಯಲ್ಲಿ ಎಂಥ ಸಂತೋಷ! ನನಗೆ ತಕ್ಷಣ ಕೇಳಬಾರದಿತ್ತು ಅನ್ನಿಸಿತು.

"ನಾಲ್ಕೇ ದಿನ ಮತ್ತ. ಐದನೇ ದಿನ ಮುಂಜಾನಿ ನಾ ಬಾಗಿಲಾಗ ಇರ್ತೀನಿ."

"ಬನ್ನಿ ಬನ್ನಿ. ಮಗು ಬುಟ್ರೆ ನಾನ್ ಓಯ್ತೀನಿ."

ಕೂಸು ಆಗಲೂ ನನ್ನ ಬಳೆ ಬಿಟ್ಟಿರಲಿಲ್ಲ. ಸಂಜೆ ಚಂದ್ರು ಕೆಲಸದಿಂದ ಬಂದು, "ಅತ್ತೆ, ಯಾವಾಗ ಹೊರಡ್ತೀರ? ಟಿಕೆಟ್ ಮಾಡ್ತೀನಿ" ಅಂತ ಮೊಬೈಲು ತೆಗೆದ.

"ಹೋಗೋದು ಆಮ್ಯಾಲ ನೋಡಪ್ಪಾ," ಅಂದೆ, "ಮೊದಲ ಬರೋದು ಮಾಡು."